ಬೇಸಗೆಯ ಬಂಡೆ, ಮೈಯ ಬೆವರು

ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಬಂದುಹೋಗುವ ಜನಕ್ಕೆ ಲೆಕ್ಕವಿಲ್ಲ. ಹಾಗೆ ಬಂದವರಲ್ಲಿ ಯೋಗಾನರಸಿಂಹನ ಬೆಟ್ಟದ ಮೆಟ್ಟಿಲುಗಳನ್ನು ಹತ್ತದೆ ಹಿಂದಿರುಗುವವರೂ ಕಡಿಮೆ. ಆದರೆ ಅಲ್ಲಿಂದ ಅನತಿದೂರದಲ್ಲಿ, ಕೃಷ್ಣರಾಜಪೇಟೆ ತಾಲ್ಲೂಕಿನ ರಾಯಸಮುದ್ರದ ಬಳಿ, ನಾರಾಯಣದುರ್ಗವೆಂಬ ಬೆಟ್ಟವೊಂದಿದೆ ಎಂಬುದನ್ನು ಬಲ್ಲವರು ವಿರಳ. ಹತ್ತಿದವರು ಇನ್ನೂ ವಿರಳ. ಅಲ್ಲಿ ಸಾಲುಮೆಟ್ಟಿಲುಗಳಿಲ್ಲ, ಪಾನಕದ ಅಂಗಡಿಗಳಿಲ್ಲ. ಕುರುಚಲು ಕಾಡಿನ ನಡುವೆ ದನಕುರಿಗಳು ತುಳಿದು ಮಾಡಿದ ಕಾಲುಜಾಡು ಮೊದಲು ಮೆಲ್ಲಗೆ ಏರಿ, ಬಳಿಕ ಬೋಳುಬಂಡೆಯ ಮೇಲೆ ಕಡಿದಾಗಿ ಸಾಗುತ್ತದೆ. ಕೆಲವೆಡೆ ಕಾಲಿನೊಡನೆ ಕೈಯನ್ನೂ ಊರಬೇಕಾಗುತ್ತದೆ. ಮೇಲೆ ಹಳೆಯ ಕೋಟೆಯ ಗೋಡೆಗಳ ಅವಶೇಷಗಳಿವೆ. ತೋಳಗಳ ರಕ್ಷಣೆಗಾಗಿ 1974ರಲ್ಲಿ ಘೋಷಿತವಾದ ಮೇಲುಕೋಟೆ ವನ್ಯಧಾಮಕ್ಕೆ ಈ ದುರ್ಗದ ಕಾಡೂ ಸೇರಿರುವುದರಿಂದ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಕಾಲಿಡುವುದು ಸರಿಯಲ್ಲ.

2024ರ ಏಪ್ರಿಲ್ ತಿಂಗಳಲ್ಲಿ ಆರು ಮಂದಿ ವಿದ್ಯಾರ್ಥಿಗಳೊಡನೆ ನಾನು ಈ ಬೆಟ್ಟವನ್ನು ಹತ್ತಿದೆನು. ಬೆಳಗಿನ ಏಳು ಗಂಟೆಗೆ ಹೊರಡಬೇಕೆಂಬುದು ನಮ್ಮ ಉದ್ದೇಶ. ಬಸ್ಸು ತಪ್ಪಿ, ಇನ್ನೊಂದಕ್ಕೆ ಕಾದು, ಬುಡವನ್ನು ಸೇರಿದಾಗ ಹತ್ತೂಕಾಲು. ಅಲ್ಲಿಂದಲೇ ಹಿಂದಿರುಗಬೇಕಾಗಿತ್ತು. "ಇಷ್ಟು ದೂರ ಬಂದಾಯಿತು, ಪುಟ್ಟ ಬೆಟ್ಟ, ಒಂದು ಗಂಟೆಯ ಹಾದಿ" ಎಂದು ಹೇಳಿದವನು ನಾನೇ. ಭೌತಶಾಸ್ತ್ರವನ್ನು ಬೋಧಿಸುವವನು ಹಾಗೆ ಹೇಳಬಾರದಿತ್ತೆಂಬುದು ಈ ಲೇಖನದಿಂದ ಸ್ಪಷ್ಟವಾಗುವುದು.

ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಗನಾದವನು ಹೊಣಕೆರೆಯ ಕಡೆಯ ಹುಡುಗ, ಕಬಡ್ಡಿ ಆಟಗಾರ. ತನ್ನ ಚೀಲದೊಡನೆ ಗೆಳೆಯನೊಬ್ಬನ ಚೀಲವನ್ನೂ ಹೊತ್ತಿದ್ದನು. ಬಿಸಿಲಿಗೆ ಮೈ ಕಪ್ಪಾಗದಿರಲೆಂದು ನೈಲಾನಿನ ಜಾಕೆಟ್ಟೊಂದನ್ನು ತೊಟ್ಟು ಕತ್ತಿನವರೆಗೆ ಜಿಪ್ಪು ಎಳೆದುಕೊಂಡಿದ್ದನು. ಮುಕ್ಕಾಲು ಪಾಲು ಹತ್ತಿದ ಮೇಲೆ ಅವನು ಹಿಂದೆ ಬೀಳತೊಡಗಿದನು. ಏನಾಯಿತೆಂದು ಕೇಳಿದರೆ, "ಸಾರ್, ಪ್ರಾಕ್ಟಿಕಲ್ ಎಷ್ಟು ಗಂಟೆಗೆ?" ಎಂದನು. ಉಳಿದವರು ಹಾಸ್ಯವೆಂದು ನಕ್ಕರು. ಅವನು ನಗಲಿಲ್ಲ. ಜಾಡನ್ನು ಬಿಟ್ಟು ಇಳಿಜಾರಿನ ಬಂಡೆಯತ್ತ ಸುಮ್ಮನೆ ನಡೆಯತೊಡಗಿದನು. ಇಬ್ಬರು ಓಡಿ ತೋಳು ಹಿಡಿದರು. ಮುಖ ಕೆಂಡದಂತಾಗಿತ್ತು, ಕೈ ಮುಟ್ಟಿದರೆ ಜ್ವರ ಬಂದವನ ಕೈ.

ಕೋಟೆಗೋಡೆಯ ನೆರಳಿನಲ್ಲಿ ಆಡುಗಳನ್ನು ಬಿಟ್ಟುಕೊಂಡು ಕುಳಿತಿದ್ದ ಮುದುಕರೊಬ್ಬರು ಇದನ್ನು ಕಂಡು ಎದ್ದುಬಂದರು. "ಅದ್ನ ಬಿಚ್ಚುಸ್ರಪ್ಪ ಮೊದ್ಲು. ನೀರ ಮೈಮ್ಯಾಲೆ ಉಯ್ರಿ" ಎಂದರು. ನಮ್ಮಲ್ಲಿ ಉಳಿದಿದ್ದ ನೀರನ್ನೆಲ್ಲ ಅವನ ತಲೆ, ಕುತ್ತಿಗೆ, ಎದೆಯ ಮೇಲೆ ಸುರಿದು, ಮುದುಕರ ಟವೆಲಿನಿಂದ ಬೀಸಿದೆವು. ಅವರ ಸೋರೆಬುರುಡೆಯ ನೀರೂ ಮುಗಿಯಿತು. ಇಪ್ಪತ್ತು ನಿಮಿಷಗಳ ತರುವಾಯ ಹುಡುಗನು ಸುತ್ತಲೂ ನೋಡಿ, ತನ್ನ ಜಾಕೆಟ್ಟು ಎಲ್ಲಿ ಎಂದು ಕೇಳಿದನು. ಆಗ ಮುದುಕರು ನನ್ನತ್ತ ತಿರುಗಿ, "ಇಷ್ಟೊತ್ನಲ್ಲಿ ಯಾರಾದ್ರೂ ಬಂಡೆ ಅತ್ತಾರಾ ಮೇಷ್ಟ್ರೇ?" ಎಂದರು.

ಅವರ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆನು. ಲೆಕ್ಕ ಸುಲಭವಾದುದು, ಪದವಿಪೂರ್ವ ತರಗತಿಯ ವಿದ್ಯಾರ್ಥಿಯೂ ಮಾಡಬಲ್ಲನು.

ಹುಡುಗನ ತೂಕ 60 ಕಿಲೋಗ್ರಾಂ, ಏರಿದ ಎತ್ತರ 250 ಮೀಟರ್ ಎಂದು ಇಟ್ಟುಕೊಳ್ಳೋಣ. ಗುರುತ್ವಾಕರ್ಷಣೆಯ ವಿರುದ್ಧ ಅವನು ಮಾಡುವ ಕೆಲಸ 60, 9.8 ಮತ್ತು 250 ಇವುಗಳ ಗುಣಲಬ್ಧ. ಅಂದರೆ 147 ಕಿಲೋಜೌಲ್. ಇದು ಬಹಳ ಅಲ್ಪ. ಒಂದು ಬಾಳೆಹಣ್ಣಿನಲ್ಲಿ ಇದಕ್ಕಿಂತ ಹೆಚ್ಚಿನ ಶಕ್ತಿಯುಂಟು. ಪುಟ್ಟ ಬೆಟ್ಟವೆಂದು ನಾನು ಹೇಳಿದುದು ಈ ಅರ್ಥದಲ್ಲಿ ಸರಿಯೇ. ಆದರೆ ನಮ್ಮ ಮಾಂಸಖಂಡಗಳು ಯಂತ್ರಗಳಾಗಿ ನೋಡಿದರೆ ಅಷ್ಟೇನೂ ದಕ್ಷವಾದವುಗಳಲ್ಲ. ಬಳಸಿದ ಶಕ್ತಿಯಲ್ಲಿ ನಾಲ್ಕನೆಯ ಅಥವಾ ಐದನೆಯ ಒಂದು ಪಾಲು ಮಾತ್ರ ಮೈಯನ್ನು ಮೇಲೆತ್ತುವ ಕೆಲಸವಾಗುತ್ತದೆ, ಉಳಿದುದೆಲ್ಲವೂ ಶಾಖವಾಗುತ್ತದೆ. ಐದರಲ್ಲೊಂದು ಪಾಲು ಎಂದು ಹಿಡಿದರೆ, 147 ಕಿಲೋಜೌಲ್ ಕೆಲಸಕ್ಕಾಗಿ ಒಟ್ಟು 735 ಕಿಲೋಜೌಲ್ ವ್ಯಯವಾಗಿ, ಸುಮಾರು 590 ಕಿಲೋಜೌಲ್ ಶಾಖವು ದೇಹದೊಳಗೇ ಹುಟ್ಟುತ್ತದೆ.

ಈ ಶಾಖವು ಹೊರಗೆ ಹೋಗದಿದ್ದರೆ ಏನಾಗುವುದು? ಒಂದು ಕಿಲೋಗ್ರಾಂ ದೇಹದ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 3.5 ಕಿಲೋಜೌಲ್ ಬೇಕು. 60 ಕಿಲೋಗ್ರಾಮಿಗೆ 210. ಆದುದರಿಂದ 590 ಕಿಲೋಜೌಲ್ ಶಾಖವು ಒಳಗೇ ಉಳಿದರೆ ಮೈಯ ಉಷ್ಣತೆ ಹತ್ತಿರಹತ್ತಿರ ಮೂರು ಡಿಗ್ರಿ ಏರಿ, 37ರಿಂದ 40ನ್ನು ಮುಟ್ಟುತ್ತದೆ. ಮೈಯ ಒಳಗಿನ ಉಷ್ಣತೆ 40ನ್ನು ದಾಟಿ ಬುದ್ಧಿ ಕದಡಿದರೆ ಅದನ್ನು ವೈದ್ಯರು ಶಾಖಾಘಾತವೆನ್ನುತ್ತಾರೆ. ಪ್ರಾಣಕ್ಕೆ ಅಪಾಯ ತರುವ ಸ್ಥಿತಿ ಅದು. 250 ಮೀಟರಿನ ಏರು ಮನುಷ್ಯನನ್ನು ಆ ಅಂಚಿಗೆ ಒಯ್ಯಬಲ್ಲದೆಂಬುದನ್ನು ಕಾಗದದ ಮೇಲೆ ಕಂಡಾಗ ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ಇದು ಒಳಗಿನ ಲೆಕ್ಕ. ಹೊರಗಿನದು ಇದಕ್ಕಿಂತಲೂ ದೊಡ್ಡದು. ನಿರ್ಮಲವಾದ ಆಕಾಶದ ಬೇಸಗೆಯ ನಡುಹಗಲಿನಲ್ಲಿ, ಸೂರ್ಯನಿಗೆ ನೇರವಾಗಿ ಹಿಡಿದ ಒಂದು ಚದರ ಮೀಟರ್ ಮೇಲ್ಮೈಗೆ ಸುಮಾರು 1000 ವಾಟ್ ಬಿಸಿಲು ಬೀಳುತ್ತದೆ. ನೆತ್ತಿಯ ಸಮೀಪದಲ್ಲಿರುವ ಸೂರ್ಯನಿಗೆ ನಿಂತ ಮನುಷ್ಯನ ಆಕೃತಿ ಕಾಣುವುದು ಕಾಲು ಚದರ ಮೀಟರಿನಷ್ಟು. ಬಿದ್ದುದರಲ್ಲಿ ನೂರಕ್ಕೆ ಎಪ್ಪತ್ತನ್ನು ಮೈಯೂ ಬಟ್ಟೆಯೂ ಹೀರಿದರೆ 175 ವಾಟ್. ಇದು ಮೇಲಿನಿಂದ. ಕೆಳಗಿನಿಂದ ಬಂಡೆಯು ಕಣ್ಣಿಗೆ ಕಾಣದ ಶಾಖವಿಕಿರಣವನ್ನು ಸೂಸುತ್ತಿರುತ್ತದೆ. ಮೇಲ್ಮೈಯ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಈ ವಿಕಿರಣವು ಅನುಪಾತದಲ್ಲಿದೆಯೆಂಬುದು ಸ್ಟೀಫನ್ ಮತ್ತು ಬೋಲ್ಟ್ಸ್‌ಮನ್ನರ ನಿಯಮ. ಬಂಡೆಯು 55 ಡಿಗ್ರಿಯಲ್ಲಿಯೂ ಚರ್ಮವು 35 ಡಿಗ್ರಿಯಲ್ಲಿಯೂ ಇದ್ದರೆ, ಚದರ ಮೀಟರಿಗೆ ಸುಮಾರು 146 ವಾಟ್ ಶಾಖ ಬಂಡೆಯಿಂದ ಮೈಯ ಕಡೆಗೆ ಹರಿಯುತ್ತದೆ. ಬಂಡೆಯನ್ನು ಎದುರಿಸಿರುವ ಮೈಭಾಗ 0.7 ಚದರ ಮೀಟರಾದರೆ 100 ವಾಟ್. ಆಕಾಶವು ಚರ್ಮಕ್ಕಿಂತ ತಂಪಾದುದರಿಂದ ಸ್ವಲ್ಪ ಶಾಖವು ಮೈಯಿಂದ ಅತ್ತಲೂ ಹೋಗುತ್ತದೆ. ಅದನ್ನು ಕಳೆದರೂ 200 ವಾಟ್ ನಿಲ್ಲುತ್ತದೆ. ಒಂದು ಗಂಟೆಯಲ್ಲಿ ಇದು 720 ಕಿಲೋಜೌಲ್.

ಹತ್ತುವುದರಿಂದ ಹುಟ್ಟಿದ್ದು 590, ಬಿಸಿಲುಬಂಡೆಗಳು ಕೊಟ್ಟಿದ್ದು 720! ನೆರಳಿನಲ್ಲಿ ಹತ್ತಿದ್ದರೆ ಈ ಎರಡನೆಯ ಸಂಖ್ಯೆಯೇ ಇರುತ್ತಿರಲಿಲ್ಲ.

ಬೆಟ್ಟದ ಮೇಲೆ ತಂಪಿರುತ್ತದೆ ಎಂದು ಕೆಲವರು ಹೇಳುವುದುಂಟು. ಮೇಲೇರಿದಂತೆ ಗಾಳಿಯ ಉಷ್ಣತೆ ಇಳಿಯುವುದೇನೋ ನಿಜ. ಆದರೆ ಆ ಇಳಿಕೆ ಸಾವಿರ ಮೀಟರಿಗೆ ಸಾಧಾರಣವಾಗಿ ಆರೂವರೆ ಡಿಗ್ರಿ, ಒಣಗಾಳಿ ಚೆನ್ನಾಗಿ ಕಲಕುತ್ತಿರುವಾಗ ಹತ್ತರ ಸಮೀಪ. 250 ಮೀಟರಿಗೆ ಎರಡು ಡಿಗ್ರಿ ದೊರೆತರೆ ಹೆಚ್ಚು. ನಮ್ಮ ಉಷ್ಣಮಾಪಕವು ಅಂದು ನೆರಳಿನಲ್ಲಿ 36ನ್ನು ತೋರಿಸುತ್ತಿತ್ತು. ಚರ್ಮಕ್ಕೂ ಗಾಳಿಗೂ ಉಷ್ಣತೆ ಸಮವಾಗಿರುವಾಗ ಬೀಸುವ ಗಾಳಿ ತಾನಾಗಿ ಮೈಯ ಶಾಖವನ್ನು ಕೊಂಡೊಯ್ಯಲಾರದು.

ಹಾಗಾದರೆ ದೇಹಕ್ಕೆ ಉಳಿದ ದಾರಿ ಯಾವುದು? ಒಂದೇ ಒಂದು: ಬೆವರು. ಬೆವರುವುದರಿಂದ ತಂಪಾಗುವುದಿಲ್ಲ, ಬೆವರು ಆವಿಯಾಗುವುದರಿಂದ ತಂಪಾಗುತ್ತದೆ. ಈ ಭೇದವು ಮುಖ್ಯವಾದುದು. ಚರ್ಮದ ಮೇಲಿನ ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಸುಮಾರು 2400 ಕಿಲೋಜೌಲ್ ಶಾಖವನ್ನು ಗುಪ್ತೋಷ್ಣವಾಗಿ ಹೀರಿಕೊಂಡು ಹೋಗುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಇದರಿಂದಲೇ. ಹೂಜಿಯ ಸಣ್ಣ ರಂಧ್ರಗಳ ಮೂಲಕ ಜಿನುಗಿದ ನೀರು ಆವಿಯಾಗುತ್ತ ಒಳಗಿನ ನೀರಿನ ಶಾಖವನ್ನು ಕಸಿಯುತ್ತದೆ. ಹಿತ್ತಾಳೆಯ ಚೊಂಬಿಗೆ ಆ ಭಾಗ್ಯವಿಲ್ಲ.

ಇದನ್ನು ತನ್ನ ಮೈಯ ಮೇಲೆಯೇ ಪರೀಕ್ಷಿಸಿದವನು ಇಂಗ್ಲೆಂಡಿನ ವೈದ್ಯ ಚಾರ್ಲ್ಸ್ ಬ್ಲಾಗ್ಡೆನ್. ಅವನು ಕೆಲವು ಮಿತ್ರರೊಡನೆ ಒಲೆಯಿಂದ ಕಾಯಿಸಿದ ಕೊಠಡಿಯೊಳಗೆ ಹೊಕ್ಕು, ನೀರಿನ ಕುದಿಬಿಂದುವಿಗಿಂತಲೂ ಮೇಲಾದ ಉಷ್ಣತೆಯ ಒಣಗಾಳಿಯಲ್ಲಿ ನಿಮಿಷಗಟ್ಟಲೆ ನಿಂತನು. ಅದೇ ಕೊಠಡಿಯಲ್ಲಿಟ್ಟ ಮೊಟ್ಟೆಗಳೂ ಮಾಂಸವೂ ಬೆಂದುವು, ಮನುಷ್ಯರು ಬೇಯಲಿಲ್ಲ. 1775ರಲ್ಲಿ ಪ್ರಕಟವಾದ ಅವನ ವರದಿಯಲ್ಲಿ ಇನ್ನೂ ಸೊಗಸಾದ ಪ್ರಯೋಗವೊಂದಿದೆ. ಆ ಕೊಠಡಿಯಲ್ಲಿಟ್ಟ ಪಾತ್ರೆಯ ನೀರು ಎಷ್ಟು ಹೊತ್ತಾದರೂ ಕುದಿಯಲಿಲ್ಲ. ಅದರ ಮೇಲೆ ಎಣ್ಣೆಯ ತೆಳುಪೊರೆ ಹರಡಿ ಆವಿಯಾಗುವುದನ್ನು ತಡೆದೊಡನೆ ಕುದಿಯತೊಡಗಿತು.

ನಮ್ಮ ಹುಡುಗನ ನೈಲಾನ್ ಜಾಕೆಟ್ಟು ಆ ಎಣ್ಣೆಯ ಪೊರೆಯೇ ಆಗಿತ್ತು. ಒಳಗೆ ಬೆವರು ಹರಿಯುತ್ತಿತ್ತು, ಆವಿಯಾಗಿ ಹೊರಗೆ ಹೋಗಲು ಮಾತ್ರ ಎಡೆಯಿರಲಿಲ್ಲ. ಬಿಚ್ಚಿದಾಗ ಅವನ ಬನಿಯನ್ನನ್ನು ಹಿಂಡಿದರೆ ನೀರು ಸುರಿಯುವಂತಿತ್ತು. ಮುದುಕರು ಬ್ಲಾಗ್ಡೆನ್ನನ ಹೆಸರನ್ನು ಕೇಳಿದವರಲ್ಲ. ಮೊದಲು ಪೊರೆಯನ್ನು ತೆಗೆಯಿಸಿ, ನೀರನ್ನು ಮೈಯ ಮೇಲೆ ಸುರಿಯಿಸಿ, ಗಾಳಿ ಹಾಕಿಸಿದರು. ಶಾಖಾಘಾತಕ್ಕೆ ಇಂದಿನ ವೈದ್ಯರು ವಿಧಿಸುವ ಪ್ರಥಮ ಚಿಕಿತ್ಸೆಯೂ ಇದೇ.

ಒಟ್ಟು 1310 ಕಿಲೋಜೌಲ್ ಶಾಖವನ್ನು ಕಳೆಯಲು ಅರ್ಧ ಲೀಟರಿಗೂ ಮಿಕ್ಕಿದ ಬೆವರು ಸಂಪೂರ್ಣವಾಗಿ ಆವಿಯಾಗಬೇಕು. ಕಡಿದಾದ ಏರಿನಲ್ಲಿ ಹಣೆಯಿಂದ ತೊಟ್ಟಿಕ್ಕಿ ನೆಲಕ್ಕೆ ಬೀಳುವ ಬೆವರು ಲೆಕ್ಕಕ್ಕೆ ಬಾರದ ನಷ್ಟ. ಆದುದರಿಂದ ಏರುವ ಒಂದು ಗಂಟೆಗೇ ಮುಕ್ಕಾಲರಿಂದ ಒಂದು ಲೀಟರ್ ನೀರು ದೇಹಕ್ಕೆ ಬೇಕು; ಇಳಿಯುವುದಕ್ಕೆ ಬೇರೆ. ನಾವು ತಲೆಗೆ ಒಂದು ಲೀಟರ್ ಒಯ್ದಿದ್ದೆವು. ಬೆವರಿನೊಡನೆ ಉಪ್ಪೂ ಹೋಗುವುದರಿಂದ, ದಿನವಿಡೀ ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಉಪ್ಪು ತೆಳುವಾಗಿ ಬೇರೆ ಬಗೆಯ ಅಪಾಯ ಬರುತ್ತದೆ. ಉಪ್ಪು ಬೆರೆಸಿದ ನೀರುಮಜ್ಜಿಗೆ, ಉಪ್ಪುಸಕ್ಕರೆ ಸೇರಿಸಿದ ನಿಂಬೆಹಣ್ಣಿನ ಪಾನಕ ಇವು ಒಳ್ಳೆಯವು. ರಾಮನವಮಿಯು ಬರುವುದೂ ಈ ಬಿಸಿಲಿನಲ್ಲಿಯೇ ಅಲ್ಲವೆ?

ಗಾಳಿಯಲ್ಲಿನ ತೇವವನ್ನೂ ಗಮನಿಸಬೇಕು. ಏಪ್ರಿಲಿನ ನಡುಹಗಲಿನಲ್ಲಿ ಈ ಸೀಮೆಯ ಗಾಳಿ ಒಣಗಿರುವುದರಿಂದ ಬೆವರು ಬಲುಬೇಗ ಆರಿಹೋಗುತ್ತದೆ. ಎಷ್ಟು ಬೇಗವೆಂದರೆ, ಬೆವರಿದ್ದೇ ತಿಳಿಯುವುದಿಲ್ಲ. ಅಂಗಿಯ ಬೆನ್ನಿನ ಮೇಲೆ ಉಪ್ಪಿನ ಬಿಳಿಗೆರೆಗಳು ಮಾತ್ರ ಉಳಿಯುತ್ತವೆ. ಬಾಯಾರಿಕೆಯಾಗುವ ವೇಳೆಗೆ ಸಾಕಷ್ಟು ನೀರು ಹೋಗಿರುತ್ತದೆ. ಮುಂಗಾರಿಗೆ ಮುಂಚಿನ ಮೋಡ ಕವಿದ ದಿನಗಳಲ್ಲಿ ಇದಕ್ಕೆ ವಿರುದ್ಧ: ಬೆವರು ಧಾರಾಳ, ಆವಿಯಾಗುವುದು ಅಲ್ಪ. ಇಂಥ ದಿನವನ್ನು ಗುರುತಿಸಲು ಉಷ್ಣಮಾಪಕದ ಬುರುಡೆಗೆ ಒದ್ದೆಬಟ್ಟೆ ಸುತ್ತಿ ಬೀಸಿ ನೋಡಬೇಕು. ಗಣಿಗಳಲ್ಲಿ ಪರೀಕ್ಷೆಗಳನ್ನು ನಡೆಸಿ, ಮನುಷ್ಯನ ಸಹನೆಯನ್ನು ನಿರ್ಣಯಿಸುವುದು ಈ ಒದ್ದೆಬುರುಡೆಯ ಉಷ್ಣತೆಯೇ ಎಂದು 1905ರಲ್ಲಿ ತೋರಿಸಿಕೊಟ್ಟವನು ಜೆ. ಎಸ್. ಹಾಲ್ಡೇನ್. ಅದು 35ನ್ನು ಮುಟ್ಟಿದರೆ ಸುಮ್ಮನೆ ಕುಳಿತವನಿಗೂ ಶಾಖವನ್ನು ಕಳೆಯಲಾಗದು. ದುಡಿಯುವವನ ಮಿತಿ ಅದಕ್ಕಿಂತ ಸಾಕಷ್ಟು ಕೆಳಗಿದೆ.

ಇನ್ನು ಬಂಡೆಯ ವಿಷಯ. ನಮ್ಮ ಮಂಡ್ಯ ಸೀಮೆಯ ತಳಪಾಯವಾದ ಪೆನಿನ್ಸುಲಾರ್ ನೈಸ್ ಶಿಲೆಯು ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದು. ಅದರ ವಯಸ್ಸು ಚಾರಣಿಗನಿಗೆ ಮುಖ್ಯವಲ್ಲ. ಅದು ಶಾಖವನ್ನು ಹೇಗೆ ಕೂಡಿಡುತ್ತದೆಂಬುದು ಮುಖ್ಯ. ಬಿಸಿಲಿಗೆ ಕಾದ ಮೇಲ್ಮೈಯಿಂದ ಶಾಖವು ನಿಧಾನವಾಗಿ ಒಳಗೆ ಇಳಿಯುತ್ತದೆ. ಒಂದು ಗೇಣಿನ ಆಳದಲ್ಲಿ ಹಗಲಿರುಳಿನ ಏರಿಳಿತವು ಮೇಲ್ಮೈಯ ಮೂರನೆಯ ಒಂದು ಭಾಗದಷ್ಟಾಗಿರುತ್ತದೆ, ಮತ್ತು ಅದು ಐದು ಗಂಟೆಗಳಷ್ಟು ತಡವಾಗಿ ಬರುತ್ತದೆ. ಅಂದರೆ ಮಧ್ಯಾಹ್ನ ಒಂದು ಗಂಟೆಯ ಉರಿ ಒಂದು ಗೇಣು ಒಳಗೆ ಮುಟ್ಟುವುದು ಸಂಜೆ ಆರಕ್ಕೆ. ಸೂರ್ಯ ಮುಳುಗಿದ ಮೇಲೆ ಆ ಶಾಖ ಹೊರಗೆ ಬರತೊಡಗುತ್ತದೆ. ಬೇಸಗೆಯ ರಾತ್ರಿ ಊಟದ ಬಳಿಕ ಜಗಲಿಯ ಕಲ್ಲಿನ ಮೇಲೆ ಕುಳಿತವರಿಗೆ ಇದರ ಅನುಭವವಿದೆ. ಆದುದರಿಂದ ಬೆಳಗೂ ಸಂಜೆಯೂ ಸಮಾನವಲ್ಲ. ಗಾಳಿಯ ಉಷ್ಣತೆ ಒಂದೇ ಆಗಿದ್ದರೂ ಸಂಜೆಯ ಬಂಡೆ ಸಾಲಗಾರ, ಬೆಳಗಿನ ಬಂಡೆ ಋಣಮುಕ್ತ. ಸೂರ್ಯೋದಯದ ಹೊತ್ತಿಗೆ ಅದು ತನ್ನಲ್ಲಿದ್ದುದರಲ್ಲಿ ಬಹುಭಾಗವನ್ನು ಆಕಾಶಕ್ಕೆ ಕೊಟ್ಟು ಮುಗಿಸಿರುತ್ತದೆ.

ದಿನದಿನವೂ ಕಾದು ಆರುವುದರಿಂದ ಬಂಡೆಗೂ ಆಯಾಸವುಂಟಾಗುತ್ತದೆ. ಹತ್ತು ಮೀಟರ್ ಉದ್ದದ ಕಲ್ಲಿನ ಹಾಳೆ ಮೂವತ್ತು ಡಿಗ್ರಿ ಕಾದರೆ ಎರಡು ಮಿಲಿಮೀಟರಿಗೂ ಹೆಚ್ಚು ಹಿಗ್ಗುತ್ತದೆ. ಈ ಹಿಗ್ಗುಕುಗ್ಗುಗಳಿಂದ ಈರುಳ್ಳಿಯ ಸಿಪ್ಪೆಯಂತೆ ಹಾಳೆಗಳು ಬಿರಿದು ಏಳುವುದನ್ನು ಅಮೆರಿಕದ ಯೊಸೆಮಿಟಿಯಲ್ಲಿ ಅಳೆದು, 2016ರಲ್ಲಿ ಪ್ರಕಟಿಸಿದ್ದಾರೆ. ತಟ್ಟಿದರೆ ಟೊಳ್ಳು ಸದ್ದು ಕೊಡುವ ಹಾಳೆಯ ಅಂಚನ್ನು ಹಿಡಿದು ಮೇಲೇರಬಾರದು.

ಕಡಿದಿನ ಬಗ್ಗೆ ಎರಡು ಮಾತು ಸಾಕು. ಇಳಿಜಾರಿನ ಕೋನದ ಸ್ಪರ್ಶಕವು ಪಾದರಕ್ಷೆಗೂ ಕಲ್ಲಿಗೂ ನಡುವಣ ಘರ್ಷಣಾಂಕವನ್ನು ಮೀರಿದರೆ ಕಾಲು ಜಾರುತ್ತದೆ. ರಬ್ಬರಿಗೂ ಒಣಬಂಡೆಗೂ ಈ ಅಂಕವು 0.8ರ ಆಸುಪಾಸಿನಲ್ಲಿದ್ದರೆ, 38 ಡಿಗ್ರಿಯ ಇಳಿಜಾರಿನವರೆಗೆ ನಿಲ್ಲಬಹುದು. ಆದರೆ ಬೇಸಗೆಯ ಬಂಡೆಯ ಮೇಲೆ ಒಣಹುಲ್ಲೂ ಗರಸುಮರಳೂ ಹರಡಿರುತ್ತವೆ. ಮರಳಿನ ಕಣಗಳು ಉರುಳೆಗಳಂತೆ ವರ್ತಿಸುವುದರಿಂದ ಅದರ ಅರ್ಧದಷ್ಟು ಇಳಿಜಾರಿನಲ್ಲಿಯೂ ಜಾರಬಹುದು. ಇಳಿಯುವಾಗ ಇದರ ಭಯ ಹೆಚ್ಚು. ಆಡುಗಳ ಜಾಡು ನೇರವಾಗಿ ಏರದೆ ಓರೆಯಾಗಿ ಅತ್ತಿತ್ತ ತಿರುಗುತ್ತ ಹೋಗುತ್ತದೆ. ಓರೆಯಾಗಿ ಹೋದರೂ ಗುರುತ್ವದ ವಿರುದ್ಧ ಮಾಡುವ ಕೆಲಸ ಅಷ್ಟೇ. ಕೆಲಸವು ಹೆಚ್ಚು ಹೊತ್ತಿಗೆ ಹಂಚಿಹೋಗುವುದರಿಂದ ಕ್ಷಣಕ್ಷಣಕ್ಕೆ ಹುಟ್ಟುವ ಶಾಖ ಕಡಿಮೆಯಾಗುತ್ತದೆ, ಬೆವರು ಅದನ್ನು ಹಿಂಬಾಲಿಸಬಲ್ಲದು. ಸ್ಕಾಟ್ಲೆಂಡಿನ ನೇಸ್ಮಿತ್ 1892ರಲ್ಲಿ ಹೇಳಿದ ನಿಯಮದಂತೆ, ಮೂರು ಮೈಲಿ ನಡಿಗೆಗೆ ಒಂದು ಗಂಟೆ, ಎರಡು ಸಾವಿರ ಅಡಿ ಏರಿಕೆಗೆ ಇನ್ನೊಂದು ಗಂಟೆ. ಈ ನಿಯಮವು ಸ್ಕಾಟ್ಲೆಂಡಿನ ತಂಪಿನಲ್ಲಿ ಹುಟ್ಟಿದ್ದೆಂಬುದನ್ನು ಮರೆಯಬಾರದು. ನಮ್ಮ ಬೇಸಗೆಗೆ ಅದನ್ನು ಒಂದೂವರೆಯಿಂದ ಗುಣಿಸುವುದು ನನ್ನ ಪದ್ಧತಿ. ಎಷ್ಟು ಏರಿದ್ದೇವೆಂದು ತಿಳಿಯಲು ಈಗ ಕೆಲವು ಮೊಬೈಲುಗಳಲ್ಲಿರುವ ವಾಯುಭಾರಮಾಪಕವೇ ಸಾಕು. ನಮ್ಮ ಎತ್ತರಗಳಲ್ಲಿ ಹತ್ತು ಮೀಟರ್ ಏರಿದರೆ ಒತ್ತಡವು ಸುಮಾರು ಒಂದು ಹೆಕ್ಟೊಪಾಸ್ಕಲ್ ಇಳಿಯುತ್ತದೆ.

ಜೊತೆಯವನು ತಲೆನೋವು, ವಾಕರಿಕೆ, ಸುಸ್ತು ಎಂದರೆ ಅಲ್ಲಿಯೇ ನೆರಳು ಹುಡುಕಿ ನಿಲ್ಲಿರಿ. ಅಸಂಬದ್ಧವಾಗಿ ಮಾತಾಡಿದರೆ, ತೂರಾಡಿದರೆ, ಸುಮ್ಮನೆ ಸಿಡುಕಿದರೆ, ಬೆವರು ಇದೆಯೋ ನಿಂತಿದೆಯೋ ಎಂದು ನೋಡುತ್ತ ಕೂರಬೇಡಿರಿ. ಬಟ್ಟೆ ಸಡಿಲಿಸಿ, ಮೈ ನೆನೆಸಿ, ಗಾಳಿ ಹಾಕುತ್ತಲೇ 108ಕ್ಕೆ ಕರೆ ಮಾಡಿರಿ. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಸುರಿಯಬಾರದು. ಅದು ಶ್ವಾಸನಾಳಕ್ಕೆ ಹೋಗಬಹುದು. ನಾನು ಅಂದು ಮೊದಲು ಮಾಡಹೊರಟಿದ್ದು ಅದನ್ನೇ. ಮುದುಕರು ನನ್ನ ಕೈಯಿಂದ ಬಾಟಲಿಯನ್ನು ಕಿತ್ತುಕೊಂಡರು.

ಮೂರು ವಾರಗಳ ಬಳಿಕ, ವೈದ್ಯರು ಸರಿಯಿದೆಯೆಂದ ಮೇಲೆ, ಹುಡುಗನ ತಾಯಿಯ ಒಪ್ಪಿಗೆ ಪಡೆದು ಮತ್ತೊಮ್ಮೆ ಹೋದೆವು. ಈ ಸಲ ಹಿಂದಿನ ರಾತ್ರಿಯೇ ರಾಯಸಮುದ್ರದ ಕಡೆಗೆ ಬಂದು, ಅರಣ್ಯ ಇಲಾಖೆಯವರು ಒಪ್ಪಿದ ವೇಳೆಗೆ, ಬೆಳಕು ಹರಿದೊಡನೆ ಏರತೊಡಗಿದೆವು. ತಲೆಗೆ ಮೂರು ಲೀಟರ್ ನೀರು, ಎಲ್ಲರಿಗೂ ಸಡಿಲವಾದ ಬಿಳಿಯ ಹತ್ತಿಯ ಅಂಗಿ. ಜಾಕೆಟ್ಟನ್ನು ಹುಡುಗ ಮನೆಯಲ್ಲಿ ಬಿಟ್ಟುಬಂದಿದ್ದನು. ಅವನು ಹಿಂದೆ ನಿಂತುಬಿಟ್ಟ ಜಾಗದಲ್ಲಿ ಬಂಡೆಗೆ ಅಂಗೈ ಇಟ್ಟು ನೋಡಿದೆವು. ಹೂಜಿಯ ಮೈಯಂತೆ ತಣ್ಣಗಿತ್ತು. ಉಷ್ಣಮಾಪಕ ಅಲ್ಲಿ 23ನ್ನು ತೋರಿಸಿತು.

ಏಳೂವರೆಗೆ ನಾವು ಇಳಿಯುತ್ತಿದ್ದಾಗ ಮುದುಕರು ಆಡುಗಳನ್ನು ಹೊಡೆದುಕೊಂಡು ಕೋಟೆಗೋಡೆಯ ನೆರಳಿನ ಕಡೆಗೆ ಹೋಗುತ್ತಿದ್ದರು. ಹುಡುಗನು ಚೀಲದಿಂದ ಹೊಸ ಟವೆಲೊಂದನ್ನು ತೆಗೆದು ಅವರ ಕೈಗಿತ್ತನು. ಅವರು ಅದನ್ನು ಬಿಚ್ಚಿ ನೋಡಿ, ತಲೆಗೆ ಸುತ್ತಿಕೊಂಡು, "ವತ್ತಾಯ್ತು, ಬಿಸ್ಲು ಏರೋದ್ರೊಳ್ಗೆ ಇಳೀರಿ" ಎಂದರು.